ಕಾರಿನ ತೂಕ ಇಳಿಸುವ ಸರಿಯಾದ ಕ್ರಮ

ಕಾರು ಹಗುರ ಮಾಡಲು ಹೊರಟವರ ಕೈ ಮೊದಲು ಹೋಗುವುದು ಹಿಂದಿನ ಸೀಟಿಗೆ. ನಾಲ್ಕು ಬೋಲ್ಟು ಬಿಚ್ಚಿ ಅದನ್ನು ಇಳಿಸಿ, ಸ್ಟೆಪ್ನಿ, ಜಾಕು, ಡಿಕ್ಕಿಯ ಕಾರ್ಪೆಟ್ಟು, ಹಲಗೆ ಎಲ್ಲ ಕಳಚಿದರೆ ಒಂದೇ ಮಧ್ಯಾಹ್ನಕ್ಕೆ 60–80 ಕೆ.ಜಿ. ಹೊರಗೆ. ತೊಂದರೆ ಕಾಣುವುದು ಕಾರು ಓಡಿಸಿದಾಗ. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ 1000 ಕೆ.ಜಿ. ಕಾರಿನಲ್ಲಿ ಮುಂದೆ 600, ಹಿಂದೆ 400 ಕೆ.ಜಿ. ಇದೆ ಎಂದುಕೊಳ್ಳಿ. 80 ಕೆ.ಜಿ.ಯನ್ನೂ ಹಿಂದಿನಿಂದಲೇ ತೆಗೆದರೆ ಉಳಿಯುವುದು 600 ಮತ್ತು 320. ಮುಂದಿನ ಪಾಲು ಶೇ 60ರಿಂದ 65ಕ್ಕೆ ಏರಿತು. ಪಿಕಪ್ ಹೆಚ್ಚಿರುತ್ತದೆ, ನಿಜ. ಆದರೆ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗಕ್ಕೆ ಹಿಡಿತವೇ ಇರುವುದಿಲ್ಲ, ತಿರುವಿನಲ್ಲಿ ಮುಂದಿನ ಎರಡು ಟೈರುಗಳೇ ಎಲ್ಲ ಹೊರೆ ಹೊರುತ್ತವೆ.

ಅದಕ್ಕೇ ಎಷ್ಟು ತೆಗೆದಿರಿ ಎನ್ನುವಷ್ಟೇ ಗಮನ ಎಲ್ಲಿಂದ ತೆಗೆದಿರಿ ಎನ್ನುವುದಕ್ಕೂ ಬೇಕು. ಸರಿಯಾಗಿ ಮಾಡಿದರೆ ಲಾಭ ದೊಡ್ಡದು. 100 ಅಶ್ವಶಕ್ತಿಯ 1000 ಕೆ.ಜಿ. ಕಾರು 920 ಕೆ.ಜಿ.ಗೆ ಇಳಿದರೆ ವೇಗ ಪಡೆಯುವಾಗ ಎಂಜಿನ್ನಿಗೆ ಸುಮಾರು 9 ಅಶ್ವಶಕ್ತಿ ಸೇರಿಸಿದಂತೆ ಆಗುತ್ತದೆ. ಎಂಜಿನ್ ಟ್ಯೂನ್ ಮಾಡಿದರೆ ಸಿಗದ ಬ್ರೇಕಿನ ಮತ್ತು ತಿರುವಿನ ಲಾಭ ಇದರ ಮೇಲೆ.

1. ಮೊದಲು ತೂಗಿ

ನಾಲ್ಕು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಡುವ ಸೌಲಭ್ಯವಿರುವ ಗ್ಯಾರೇಜ್ ಸಿಕ್ಕರೆ ಉತ್ತಮ. ಸಿಗದಿದ್ದರೆ ಲಾರಿ ತೂಗುವ ವೇಬ್ರಿಜ್‌ನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಗಿಸಿ. ವೇಬ್ರಿಜ್ 10–20 ಕೆ.ಜಿ. ಅತ್ತಿತ್ತ ತೋರಿಸುವುದು ಸಾಮಾನ್ಯ, ಹಾಗಾಗಿ ಬಿಚ್ಚಿದ ಪ್ರತಿ ಭಾಗವನ್ನೂ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ ಪುಸ್ತಕದಲ್ಲಿ ಬರೆಯಿರಿ: ಭಾಗ, ತೂಕ, ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ. ಹಾಕುವ ಹೊಸ ಭಾಗವನ್ನೂ ತೂಗಲೇಬೇಕು, ಅದರ ಕ್ಲಾಂಪು, ಬ್ರಾಕೆಟ್, ಬೋಲ್ಟು ಸಮೇತ. ಪೆಟ್ಟಿಗೆಯ ಮೇಲೆ ಅಚ್ಚಾದ ತೂಕವನ್ನು ನಂಬಬೇಡಿ.

2. ಪುಕ್ಕಟೆ ತೂಕ

ಡಿಕ್ಕಿಯ ಸಾಮಾನು, ಚಾವಣಿಯ ಕ್ಯಾರಿಯರ್, ಸೀಟಿನಡಿಯ ಉಪಕರಣ ಪೆಟ್ಟಿಗೆ ತೆಗೆಯಿರಿ. ಪೆಟ್ರೋಲು ಲೀಟರಿಗೆ ಸುಮಾರು 0.75 ಕೆ.ಜಿ. ತೂಗುತ್ತದೆ, 20 ಲೀಟರ್ ಕಡಿಮೆ ತುಂಬಿಸಿದರೆ 15 ಕೆ.ಜಿ. ಉಳಿತಾಯ. ಕಾಲು ಟ್ಯಾಂಕಿಗಿಂತ ಕೆಳಗೆ ಮಾತ್ರ ಬೇಡ. ಉದ್ದ ತಿರುವಿನಲ್ಲಿ ಇಂಧನ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಅದೇ ಇಂಧನ.

3. ಬ್ಯಾಟರಿ

ಮೂತಿ ಭಾರವಿರುವ ಕಾರಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. 12–18 ಕೆ.ಜಿ. ತೂಗುವ ಸೀಸದ ಬ್ಯಾಟರಿ ಕೂತಿರುವುದು ಎಂಜಿನ್ ಕೋಣೆಯಲ್ಲಿ, ಅದೂ ಎತ್ತರದಲ್ಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 3–5 ಕೆ.ಜಿ.ಯಲ್ಲಿ ಮುಗಿಯುತ್ತದೆ. ಕೊಳ್ಳುವ ಮೊದಲು ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್‌ನ ವೋಲ್ಟೇಜ್ ಅಳೆಯಿರಿ. 14.6 ವೋಲ್ಟ್ ದಾಟುತ್ತಿದ್ದರೆ ಆಲ್ಟರ್ನೇಟರ್ ರೆಗ್ಯುಲೇಟರ್ ನೋಡಿಸದೆ ಮುಂದುವರಿಯಬೇಡಿ. ಒಳಗೇ ರಕ್ಷಣಾ ಸರ್ಕಿಟ್ ಇಲ್ಲದ ಅಗ್ಗದ ಬ್ಯಾಟರಿ ಯಾವ ಕಾರಣಕ್ಕೂ ಬೇಡ. ಇನ್ನೊಂದು ಎಚ್ಚರಿಕೆ: ಹಲವು ಬ್ಯಾಟರಿಗಳ ಮೇಲೆ ಬರೆದ ಆಂಪಿಯರ್-ಅವರ್ ‘ಸೀಸಕ್ಕೆ ಸಮ’ ಎಂಬ ಲೆಕ್ಕದ್ದು, ನಿಜವಾದ ಸಾಮರ್ಥ್ಯ ಅದರ ಮೂರನೇ ಒಂದು ಭಾಗದಷ್ಟೇ ಇರಬಹುದು. ಎಂಜಿನ್ ಸ್ಟಾರ್ಟ್ ಆಗಲು ಅಡ್ಡಿಯಿಲ್ಲ, ಆದರೆ ಅಲಾರಂ ಇರುವ ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಪೂರ್ತಿ ಖಾಲಿಯಾಗುತ್ತದೆ.

4. ಚಕ್ರ

ಚಕ್ರದ 1 ಕೆ.ಜಿ. ಎಂದರೆ ಬಾಡಿಯ 4 ಕೆ.ಜಿ., 10 ಕೆ.ಜಿ. ಎಂದೆಲ್ಲ ಹೇಳುವವರಿದ್ದಾರೆ. ಅದು ಸರಿಯಲ್ಲ. ಟೈರಿನ ಹೊರ ಅಂಚಿನಲ್ಲಿರುವ ತೂಕ ವೇಗ ಹೆಚ್ಚಿಸುವಾಗ ಎರಡರಷ್ಟು ಎಣಿಕೆಗೆ ಬರುತ್ತದೆ, ಹಬ್ಬಿನ ಹತ್ತಿರದ್ದು ಒಂದಕ್ಕಿಂತ ತುಸು ಹೆಚ್ಚು. ಅಂದರೆ ಟೈರಿನ ತೂಕ ರಿಮ್ಮಿನ ತೂಕಕ್ಕಿಂತ ಮುಖ್ಯ, ಆದರೆ ಅದನ್ನು ತೂಗಿ ನೋಡುವವರು ವಿರಳ. ಇದರ ಜೊತೆಗೆ ಸ್ಪ್ರಿಂಗಿನ ಕೆಳಗಿನ ಭಾರ (ಚಕ್ರ, ಟೈರು, ಬ್ರೇಕು) ಇಳಿದಷ್ಟೂ ಏರುತಗ್ಗಿನ ರಸ್ತೆಯಲ್ಲಿ ಟೈರು ನೆಲಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ.

ದೊಡ್ಡ ರಿಮ್ಮಿನ ಆಸೆ ಬಿಡಿ. ಬ್ರೇಕ್ ಕ್ಯಾಲಿಪರ್‌ಗೆ ತಾಗದಷ್ಟು ಜಾಗ ಇದ್ದರೆ 17 ಇಂಚಿನಿಂದ 16ಕ್ಕೆ ಇಳಿಯಿರಿ, ಟೈರಿನ ಹೊರ ಸುತ್ತಳತೆ ಮೊದಲಿನಷ್ಟೇ ಇರಲಿ. ರಿಮ್ಮಿನ ಭಾರ ಹೊರುವ ಮಿತಿಯನ್ನು ಒಳಬದಿಯಲ್ಲಿ ಅಚ್ಚೊತ್ತಿರುತ್ತಾರೆ. ನಿಮ್ಮ ಕಾರಿನ ಆಕ್ಸಲ್ ಮಿತಿ 900 ಕೆ.ಜಿ. ಆಗಿದ್ದರೆ ಒಂದೊಂದು ರಿಮ್ಮಿಗೆ ಕನಿಷ್ಠ 450 ಬೇಕು, 500 ಇರುವುದನ್ನೇ ಆರಿಸಿ. ಅಂಥ ಗುರುತೇ ಇಲ್ಲದ ‘ಲೈಟ್‌ವೇಟ್’ ಎರಕದ ರಿಮ್ಮು ಒಂದು ಗುಂಡಿಗೆ ಬಿದ್ದರೆ ಸೀಳುತ್ತದೆ. ನಟ್ಟಿನ ತಳ ಶಂಕುವಿನಾಕಾರದ್ದೋ ಗೋಳಾಕಾರದ್ದೋ ಎಂದು ರಿಮ್ಮಿಗೆ ಹೊಂದಿಸಿಕೊಳ್ಳಿ, 80–100 ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಿ.

5. ನೆಲದ ಡಾಂಬರು ಶೀಟು

ಹೆಚ್ಚು ಜನ ಕೆಡಿಸಿಕೊಳ್ಳುವ ಹಂತ ಇದು. ಸದ್ದು ತಡೆಯಲು ಕಾರ್ಪೆಟ್ಟಿನಡಿ ಅಂಟಿಸಿದ ಬಿಟುಮೆನ್ ಶೀಟು ಸಣ್ಣ ಕಾರಿನಲ್ಲಿ 6ರಿಂದ 12 ಕೆ.ಜಿ.ವರೆಗೆ ಬರುತ್ತದೆ. ಉಳಿ, ಸ್ಕ್ರೂಡ್ರೈವರ್ ಹಾಕಿ ಕೆತ್ತಿದರೆ ಬಣ್ಣ ಗೀಚಿ ತುಕ್ಕು ಹಿಡಿಯುತ್ತದೆ. ಹೀಟ್ ಗನ್ ಹಿಡಿದರೆ ಶೀಟು ಕರಗಿ ಅಂಟಂಟಾಗಿ ಹರಡುತ್ತದೆ, ಆಮೇಲೆ ಯಾವ ಉಪಾಯವೂ ಸರಿಯಾಗಿ ನಡೆಯುವುದಿಲ್ಲ. ಸರಿಯಾದ ದಾರಿ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್.

ಸಣ್ಣ ಕಾರಿಗೆ 8–10 ಕೆ.ಜಿ. ಸಾಕು. ಇಟ್ಟಂತೆಲ್ಲ ಆವಿಯಾಗುವುದರಿಂದ ಕೆಲಸದ ದಿನವೇ ತನ್ನಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಬೇಡಿ, ಒತ್ತಡ ಏರಿ ಸಿಡಿಯುತ್ತದೆ. ತರುವಾಗ ಕಾರಿನ ಕಿಟಕಿ ಇಳಿಸಿರಲಿ. ಸೀಟು, ಕಾರ್ಪೆಟ್ಟು ತೆಗೆದ ಮೇಲೆ ನೆಲದ ವೈರಿಂಗನ್ನು ಮೊದಲೇ ಬದಿಗೆ ಸರಿಸಿ ಕಟ್ಟಿ. ತಣ್ಣಗಾದ ಮೇಲೆ ವೈರು ಬಾಗಿಸಿದರೆ ಅದರ ಹೊದಿಕೆ ಬಿರಿಯುತ್ತದೆ.

ಕೆಲಸ ಬಯಲಲ್ಲೇ ಆಗಬೇಕು, ಎಲ್ಲ ಬಾಗಿಲು ಮತ್ತು ಡಿಕ್ಕಿ ತೆರೆದಿರಬೇಕು. ಡ್ರೈ ಐಸ್‌ನಿಂದ ಏಳುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಅದು ಕಾಲಿಡುವ ಗುಂಡಿಯಲ್ಲೇ ತುಂಬಿಕೊಳ್ಳುತ್ತದೆ, ನೀವು ಬಗ್ಗಿ ಮುಖ ಇಡುವುದೂ ಅಲ್ಲೇ. ಉಸಿರು ಬಿರುಸಾದರೆ, ತಲೆ ನೋಯತೊಡಗಿದರೆ ತಕ್ಷಣ ಹೊರಬನ್ನಿ. ಡ್ರೈ ಐಸ್‌ನ ಉಷ್ಣಾಂಶ ಮೈನಸ್ 78 ಡಿಗ್ರಿ ಸೆಲ್ಸಿಯಸ್, ಬರಿಗೈ ತಾಗಿಸುವಂತಿಲ್ಲ. ದಪ್ಪನೆಯ ಒಣ ಕೈಗವಸು, ಕಣ್ಣಿಗೆ ಗಾಗಲ್ ಕಡ್ಡಾಯ.

ಗಡ್ಡೆಯಾಗಿದ್ದರೆ ಗೋಣಿಚೀಲದಲ್ಲಿ ಹಾಕಿ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ. ದೊಡ್ಡ ಗಡ್ಡೆ ಶೀಟಿಗೆ ಒಂದೆರಡು ಕಡೆ ಮಾತ್ರ ತಾಗುವುದರಿಂದ ತಂಪು ಹರಡುವುದಿಲ್ಲ. ಶೀಟಿನ ಮೇಲೆ 2–3 ಸೆಂ.ಮೀ. ದಪ್ಪಕ್ಕೆ ಹರಡಿ, ಹಳೆಯ ಟವೆಲ್ ಮುಚ್ಚಿ 10–12 ನಿಮಿಷ ಬಿಡಿ. ಒಳಗಿನಿಂದ ಚಟಪಟ ಸದ್ದು ಕೇಳತೊಡಗಿದರೆ ಶೀಟು ಲೋಹದಿಂದ ಬಿಡುತ್ತಿದೆ ಎಂದರ್ಥ. ಐಸನ್ನು ಮುಂದಿನ ಶೀಟಿನ ಮೇಲೆ ತಳ್ಳಿ, ತಡಮಾಡದೆ ಸಣ್ಣ ರಬ್ಬರ್ ಸುತ್ತಿಗೆಯಿಂದ ಅಂಚಿನಿಂದ ಮಧ್ಯಕ್ಕೆ ಬಡಿಯುತ್ತ ಬನ್ನಿ. ಶೀಟು ಗಾಜಿನಂತೆ ಒಡೆದು ಮೇಲೇಳುತ್ತದೆ. ಸಿಗುವ ಸಮಯ ಒಂದೆರಡು ನಿಮಿಷ, ಆಮೇಲೆ ಅದು ಮತ್ತೆ ಮೆದುವಾಗುತ್ತದೆ. ಒಬ್ಬರು ಐಸ್ ಸರಿಸಲು, ಇನ್ನೊಬ್ಬರು ಬಡಿಯಲು ಇದ್ದರೆ ಕೆಲಸ ಸರಾಗ. ಒಡೆಯಲಿಲ್ಲವೆಂದು ಜೋರಾಗಿ ಬಡಿದರೆ ನೆಲ ತಗ್ಗುತ್ತದೆ. ಇನ್ನೈದು ನಿಮಿಷ ತಣಿಸಿ.

ಇಳಿಜಾರಿನಲ್ಲಿ ಐಸ್ ನಿಲ್ಲದಿದ್ದರೆ ಬಟ್ಟೆಯ ಚೀಲದಲ್ಲಿ ತುಂಬಿ ಒತ್ತಿ ಹಿಡಿಯಿರಿ. ಆಲ್ಕೋಹಾಲ್‌ಗೆ ಬೆರೆಸಿ ಬಳಿಯುವ ಅಡ್ಡದಾರಿ ಬೇಡ: ಅದರ ಆವಿಗೆ ಬೆಂಕಿ ಹತ್ತುತ್ತದೆ, ದ್ರವ ಸಂದುಗಳಿಗೆ ಇಳಿಯುತ್ತದೆ.

ತಗಡುಗಳು ಸೇರುವ ಸಂದಿಯಲ್ಲಿ ಗೆರೆಯಂತೆ ಹಚ್ಚಿದ ಬೂದು ಅಥವಾ ಕಂದು ಸೀಲರ್ ಡಾಂಬರಲ್ಲ. ಅದನ್ನು ಕಿತ್ತರೆ ಕಾರಿನೊಳಗೆ ನೀರು ಬರುತ್ತದೆ. ಎಂಜಿನ್ ಗೋಡೆ ಮತ್ತು ಎಗ್ಸಾಸ್ಟ್ ಪೈಪಿನ ಮೇಲ್ಭಾಗದ ಶಾಖ ತಡೆಯುವ ಹೊದಿಕೆಯನ್ನೂ ಮುಟ್ಟಬೇಡಿ. ಉಳಿದ ಕಲೆಯನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೆಟ್ರೋಲು ಬೇಡವೇ ಬೇಡ. ತಣ್ಣಗಿನ ತಗಡಿನ ಮೇಲೆ ಕೂತ ಮಂಜು ಕರಗಿ ನೀರಾಗುತ್ತದೆ, ಫ್ಯಾನ್ ಹಾಕಿ ಒಂದು ದಿನ ಒಣಗಿಸಿ. ಗೀರು ಕಂಡಲ್ಲಿ ಎಪಾಕ್ಸಿ ಪ್ರೈಮರ್ ಹಚ್ಚಿದ ಮೇಲೆಯೇ ಕಾರ್ಪೆಟ್ಟು ಹಾಸಿ.

6. ಸೀಟು, ಬಾಗಿಲು, ಬಾನೆಟ್

ಮುಂದಿನ ಸೀಟು 15–25 ಕೆ.ಜಿ., ಬ್ರಾಕೆಟ್ ಸಮೇತ ಬಕೆಟ್ ಸೀಟು 8 ಕೆ.ಜಿ. ಆಸುಪಾಸು. ಉಳಿತಾಯ ಆಕರ್ಷಕ, ಆದರೆ ಸೀಟಿನೊಳಗೆ ಏರ್‌ಬ್ಯಾಗ್ ಇರುವ ಕಾರನ್ನು ರಸ್ತೆಯಲ್ಲಿ ಓಡಿಸುವವರು ಸೀಟು ಬದಲಿಸಬಾರದು. ಬರೀ ಟ್ರ್ಯಾಕಿನ ಕಾರಾದರೆ ಬ್ಯಾಟರಿ ಕಳಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಸೀಟಿನಡಿಯ ಕನೆಕ್ಟರ್ ಬಿಡಿಸಿ. ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರ್ ಹಚ್ಚಬೇಡಿ, ಅದರ ಸಣ್ಣ ವಿದ್ಯುತ್ತೇ ಸಿಡಿತಕ್ಕೆ ಸಾಕಾಗಬಹುದು. ಬಹಳ ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿಗೇ ಅಂಟಿಕೊಂಡಿರುತ್ತದೆ. ಸೀಟಿನೊಂದಿಗೆ ಅದೂ ಹೋದರೆ ಬೆಲ್ಟಿಗೆ ಹಿಡಿತವೇ ಇಲ್ಲ.

ಬಾಗಿಲಿನ ಒಳಹೊದಿಕೆ ತೆಗೆದು ಹಗ್ಗದ ಹಿಡಿ ಕಟ್ಟಬಹುದು, 1987ರ ಫೆರಾರಿ ಎಫ್40 ಕಾರ್ಖಾನೆಯಿಂದಲೇ ಹಾಗೆ ಬಂದಿತ್ತು. ಹೊದಿಕೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಮಾತ್ರ ಉಳಿಯಬೇಕು, ಮಳೆ ನೀರನ್ನು ಒಳಗೆ ಬಿಡದಿರುವುದು ಅದೇ. ಬಾಗಿಲೊಳಗಿನ ಅಡ್ಡಪಟ್ಟಿ, ಬಂಪರಿನ ಹಿಂದಿನ ಬೀಮು, ಡ್ಯಾಶ್‌ಬೋರ್ಡಿನೊಳಗಿನ ಅಡ್ಡ ಕೊಳವೆ ಇವು ಅಪಘಾತದಲ್ಲಿ ಪ್ರಾಣ ಉಳಿಸುವ ಭಾಗಗಳು. ತೆಗೆಯಬೇಡಿ, ಕೊರೆಯಲೂ ಬೇಡಿ. ಅಂದಾಜಿಗೆ ಕೊರೆದ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ.

ಬಾನೆಟ್ ಕೊಳ್ಳುವ ಮೊದಲು ನಿಮ್ಮದಕ್ಕೆ ಆಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದಾಗಲೇ ಅಲ್ಯೂಮಿನಿಯಂ, ಬದಲಿಸಿ ಸಿಗುವುದು ಕಡಿಮೆ. ‘ಕಾರ್ಬನ್’ ಎಂದು ಮಾರುವ ಎಷ್ಟೋ ಬಾನೆಟ್‌ಗಳಲ್ಲಿ ಫೈಬರ್‌ಗ್ಲಾಸ್ ಮೇಲೆ ಒಂದೇ ಪದರ ಕಾರ್ಬನ್ ಬಟ್ಟೆ ಇರುತ್ತದೆ, ತೂಕ ಮೂಲದಷ್ಟೇ. ಹಗುರ ಬಾನೆಟ್ ಹಾಕಿದರೆ ಎರಡು ಬಾನೆಟ್ ಪಿನ್ ಕೂಡ ಹಾಕಿ. ಟ್ರ್ಯಾಕಿನ ಕಾರಿನ ಪಕ್ಕದ ಕಿಟಕಿಗೆ ಪಾಲಿಕಾರ್ಬೊನೇಟ್ ಹಾಕುವವರು ಅದರ ಬೋಲ್ಟಿಗೆ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ದ್ರವ ಹಚ್ಚಬಾರದು, ಹಾಳೆ ಬಿರಿಯುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ಟು ಬಳಸಿ.

ಎಸಿ ಉಳಿಸಿಕೊಳ್ಳಿ. ಮಳೆಯಲ್ಲಿ ಗಾಜಿನ ಒಳಗಿನ ಮಂಜನ್ನು ಬೇಗ ತೆಗೆಯುವುದು ಅದು.

7. ಮತ್ತೆ ಹೊಂದಿಸಿ

ಹಗುರವಾದ ಕಾರು ಮೇಲೇಳುತ್ತದೆ. ಹಿಂದಿನ ಒಂದೊಂದು ಚಕ್ರಕ್ಕೆ 40 ಕೆ.ಜಿ. ಕಡಿಮೆಯಾಗಿ, ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 25 ನ್ಯೂಟನ್ ಇದ್ದರೆ ಕಾರು ಸುಮಾರು 16 ಮಿ.ಮೀ. ಏರುತ್ತದೆ. ಚಕ್ರಗಳ ಅಲೈನ್‌ಮೆಂಟ್ ಬದಲಾಗುತ್ತದೆ, ಹೆಡ್‌ಲೈಟ್ ನೆಲಕ್ಕೆ ಬಾಗುತ್ತದೆ. ಎರಡನ್ನೂ ಮಾಡಿಸಿ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಕಾರಾದರೆ ಖಾಲಿ ಜಾಗದಲ್ಲಿ ಬ್ರೇಕ್ ಪರೀಕ್ಷಿಸಿ, ಹಿಂದಿನ ಚಕ್ರ ಮೊದಲು ಲಾಕ್ ಆದರೆ ಹಿಂದಿನ ಬ್ರೇಕಿನ ಪಾಲು ಇಳಿಸುವವರೆಗೆ ರಸ್ತೆಗೆ ತರಬೇಡಿ.

ಎತ್ತರ ಹೊಂದಿಸಬಲ್ಲ ಸಸ್ಪೆನ್ಷನ್ ಇದ್ದರೆ ನಾಲ್ಕು ತಕ್ಕಡಿಯ ಮೇಲೆ ಮತ್ತೆ ನಿಲ್ಲಿಸಿ. ನಿಮ್ಮಷ್ಟೇ ತೂಕದ ಚೀಲ ಚಾಲಕನ ಸೀಟಿನಲ್ಲಿರಲಿ, ಇಂಧನ ಅರ್ಧ ಟ್ಯಾಂಕ್, ಟೈರಿನ ಗಾಳಿ ಸರಿಯಾಗಿರಲಿ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರಿನ ಲಿಂಕ್ ಬಿಡಿಸಿ, ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ತೂಕ ಕೂಡಿಸಿದರೆ ಒಟ್ಟಿನ ಶೇ 49.5ರಿಂದ 50.5ರೊಳಗೆ ಬರುವಂತೆ ಎತ್ತರದ ತಿರುಪು ತಿರುಗಿಸಿ. ಪ್ರತಿ ತಿರುಗಿಸುವಿಕೆಯ ನಂತರ ಕಾರನ್ನು ಕುಲುಕಿ ಕೂರಿಸಿ, ಆಮೇಲೆ ತಕ್ಕಡಿ ಓದಿ. ಲಿಂಕನ್ನು ಮತ್ತೆ ಸೇರಿಸುವಾಗ ಚೀಲ ಸೀಟಿನಲ್ಲೇ ಇರಲಿ, ಬೋಲ್ಟು ಬಲವಂತವಿಲ್ಲದೆ ತೂತಿಗೆ ಇಳಿಯುವಷ್ಟು ಲಿಂಕಿನ ಉದ್ದ ಹೊಂದಿಸಿ ಬಿಗಿಯಿರಿ.