ಮುಲುಂಡಿನಲ್ಲಿ ನಮ್ಮ ಅಡುಗೆಮನೆ ಹೊಸದಾದ ಬಗೆ

ಮುಂಬೈ ಮುಲುಂಡಿನ ನಮ್ಮ ಮನೆಯ ಅಡುಗೆಮನೆ 7 ಅಡಿ ಅಗಲ, 10 ಅಡಿ ಉದ್ದ. ಈ ಊರಿನ ಲೆಕ್ಕದಲ್ಲಿ ಚಿಕ್ಕದೇನಲ್ಲ. ಆದರೆ ಅಷ್ಟರಲ್ಲೇ ಎರಡು ಹೊತ್ತಿನ ಅಡುಗೆ ಆಗಬೇಕು, ದೋಸೆಗೆ ರುಬ್ಬಬೇಕು, ಕಾಯಿ ತುರಿಯಬೇಕು, ಮೀನು ತೊಳೆಯಬೇಕು, ಮಗಳ ಡಬ್ಬಿ ಕಟ್ಟಬೇಕು. ಅಡುಗೆಗೆ ನಿಲ್ಲುವವರು ಇಬ್ಬರು, ನಾನು ಮತ್ತು ನಮ್ಮ ಅತ್ತೆ. ನನ್ನ ಎತ್ತರ 5 ಅಡಿ 5 ಇಂಚು, ಅತ್ತೆಯದು 4 ಅಡಿ 10 ಇಂಚು. ಹಳೇ ಕಟ್ಟೆಯ ಮುಂದೆ ನನಗೆ ಸೊಂಟ ನೋವು, ಅವರಿಗೆ ಭುಜ ನೋವು. ಹಾಗಾಗಿ ಎಲ್ಲ ಒಡೆದು ಹೊಸದಾಗಿ ಮಾಡಿಸಲು ಹೊರಟಾಗ ನಾನು ಫೋಟೋಗಳನ್ನು ನೋಡುವುದನ್ನು ಬಿಟ್ಟು ಟೇಪು ಹಿಡಿದೆ. ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆ ನಾನೇ ಬರೆದೆ.

ಮೊದಲು ಮಾಡಿದ ಕೆಲಸ ಅಂದರೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವ ಕೆಲಸ ಎಲ್ಲಿ ನಡೆಯುತ್ತದೆ ಅಂತ ಬರೆದಿಟ್ಟುಕೊಂಡದ್ದು. ಫ್ರಿಜ್ಜಿನಿಂದ ತರಕಾರಿ ತೆಗೆದು ಎಲ್ಲಿ ಇಡುತ್ತೇವೆ, ತೊಳೆದದ್ದನ್ನು ಎಲ್ಲಿ ಹೆಚ್ಚುತ್ತೇವೆ, ಕುದಿಯುವ ಪಾತ್ರೆ ಇಳಿಸಲು ಜಾಗ ಎಲ್ಲಿದೆ. ಈ ಯೋಚನೆ ಹೊಸದಲ್ಲ. 1926ರಲ್ಲಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆ ಅಡುಗೆಮನೆ ಮಾಡಿಕೊಟ್ಟರು. ಅಗಲ ಸುಮಾರು 1.9 ಮೀಟರ್, ಉದ್ದ ಸುಮಾರು 3.4 ಮೀಟರ್. ನಮ್ಮದಕ್ಕಿಂತ ಅಗಲದಲ್ಲಿ ಕಡಿಮೆಯೇ! ರೈಲಿನ ಊಟದ ಬೋಗಿಯಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಅಡುಗೆ ಮಾಡುತ್ತಾರೆ ಅನ್ನುವುದನ್ನು ನೋಡಿ, ಹೆಜ್ಜೆಗಳನ್ನು ಲೆಕ್ಕ ಹಾಕಿ ಅವರು ಅದನ್ನು ರೂಪಿಸಿದ್ದರು. ಇವತ್ತಿನ ಮಾಡ್ಯುಲರ್ ಕಿಚನ್‌ಗಳಿಗೆಲ್ಲ ಅದೇ ಮೂಲ. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಜಾಗ ಸಾಲದು ಅನ್ನುವ ಮಾತನ್ನು ಬಿಟ್ಟೆ.

ಒಲೆ, ಸಿಂಕ್, ಫ್ರಿಜ್ ಮೂರೂ ಒಂದು ತ್ರಿಕೋನದಲ್ಲಿರಬೇಕು, ಮೂರು ಬದಿಗಳ ಮೊತ್ತ 4ರಿಂದ 8 ಮೀಟರ್ ಒಳಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಲೆಕ್ಕವೇ. ಆದರೆ ನಮ್ಮ ಅಡುಗೆಗೆ ಅದಷ್ಟೇ ಸಾಲದು. ಮಿಕ್ಸಿ, ಗ್ರೈಂಡರ್ ಎಲ್ಲಿ ಅನ್ನುವುದು ನಮಗೆ ನಾಲ್ಕನೇ ಮೂಲೆ. ದಿನಾ ಮಸಾಲೆ ಅರೆಯುವ ಮನೆಯಲ್ಲಿ ಮಿಕ್ಸಿಯನ್ನು ಕಪಾಟಿನೊಳಗೆ ಮುಚ್ಚಿಟ್ಟರೆ ಯಾರಿಗೂ ಸುಖವಿಲ್ಲ. ನಾವು ಸಿಂಕಿನ ಪಕ್ಕ ಎರಡಡಿ ಕಟ್ಟೆಯನ್ನು ಮಿಕ್ಸಿ-ಗ್ರೈಂಡರಿಗೇ ಬಿಟ್ಟೆವು. ಅರೆದ ಕೂಡಲೇ ಜಾರ್ ತೊಳೆಯಬಹುದು. ಗ್ರೈಂಡರಿನ ಕಲ್ಲನ್ನು ಎತ್ತಿಕೊಂಡು ಅಡುಗೆಮನೆ ತುಂಬಾ ನಡೆಯಬೇಕಿಲ್ಲ.

ಈಗ ಎತ್ತರದ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ನೇರ ನಿಂತು ಮೊಣಕೈ ಮಡಚಿ, ಮೊಣಕೈಯಿಂದ ನೆಲಕ್ಕೆ ಎಷ್ಟು ಅಂತ ಅಳೆಯಬೇಕು. ಅದರಿಂದ 4ರಿಂದ 6 ಇಂಚು ಕಳೆದರೆ ಹೆಚ್ಚುವ, ಕಲಸುವ ಕೆಲಸಕ್ಕೆ ಹದವಾದ ಎತ್ತರ ಸಿಗುತ್ತದೆ. ನನ್ನದು 41 ಇಂಚು ಬಂತು, ಅತ್ತೆಯದು 36 ಚಿಲ್ಲರೆ. ಒಂದೇ ಕಟ್ಟೆ ಇಬ್ಬರಿಗೂ ಹೊಂದುವುದು ಸಾಧ್ಯವೇ ಇಲ್ಲ. ಇನ್ನೊಂದು ಸಂಗತಿ ಇದೆ. ಸಿಂಕಿನ ತಳ ಕಟ್ಟೆಗಿಂತ 9 ಇಂಚು ಕೆಳಗಿರುತ್ತದೆ, ಅದಕ್ಕೆ ಪಾತ್ರೆ ತೊಳೆಯುವಾಗ ಬಗ್ಗುತ್ತೇವೆ. ಒಲೆಯದು ಉಲ್ಟಾ. ಕಟ್ಟೆಯ ಮೇಲೆ ಒಲೆ ಸುಮಾರು 4 ಇಂಚು, ಅದರ ಮೇಲೆ ಪಾತ್ರೆ. ಸಾರಿನ ಪಾತ್ರೆಯೊಳಗೆ ಇಣುಕಲು ಅತ್ತೆ ತುದಿಗಾಲಲ್ಲಿ ನಿಲ್ಲುತ್ತಿದ್ದರು.

ಹಾಗಾಗಿ ಕಟ್ಟೆಯನ್ನು ಎರಡು ಎತ್ತರಕ್ಕೆ ಮಾಡಿದೆವು. ಸಿಂಕ್ ಇರುವ ಉದ್ದ ಬದಿ 35 ಇಂಚು. ಒಲೆ ಇರುವ ಗಿಡ್ಡ ಬದಿ 31 ಇಂಚು. ಒಲೆಯ ಎರಡೂ ಕಡೆ ಒಂದೂಕಾಲು ಅಡಿಯಷ್ಟು ಖಾಲಿ ಜಾಗ, ಬಿಸಿ ಪಾತ್ರೆ ಇಳಿಸಲಿಕ್ಕೆ. ಮಿಸ್ತ್ರಿ ಒಪ್ಪಲೇ ಇಲ್ಲ. ಕಟ್ಟೆ ಒಂದೇ ಲೆವೆಲ್ ಇರಬೇಕು, ಮೆಟ್ಟಿಲು ಬಂದರೆ ನೋಡಲು ಚೆನ್ನಾಗಿರಲ್ಲ ಅಂದರು. ಅವರ ಎದುರಿಗೇ ಇಟ್ಟಿಗೆ ಜೋಡಿಸಿ, ಮೇಲೆ ಹಳೇ ಹಲಗೆ ಇಟ್ಟು, ಅತ್ತೆಯ ಕೈಗೆ ಚಾಕು, ಬೆಂಡೆಕಾಯಿ ಕೊಟ್ಟೆ. 33 ಇಂಚಿಗೆ ಭುಜ ಮೇಲೇಳುತ್ತಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆವು. 31ಕ್ಕೆ ಬಂದಾಗ "ಇಷ್ಟೇ ಇರ್ಲಿ ಮಾರಾಯ್ತಿ, ಇನ್ನು ಕೆಳಗೆ ಬೇಡ" ಅಂದರು. ಮಿಸ್ತ್ರಿಯವರಿಗೆ ಭಾಷೆ ಗೊತ್ತಿಲ್ಲದಿದ್ದರೂ ಭುಜ ಕಂಡಿತ್ತು. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದರು.

ಕಾಯಿ ತುರಿಯುವುದಕ್ಕೆ ಬೇರೆ ವ್ಯವಸ್ಥೆ. ಅತ್ತೆಗೆ ಈಗ ನೆಲದ ಮೇಲೆ ಈಳಿಗೆಮಣೆ ಇಟ್ಟು ಕೂರಲು ಮಂಡಿ ಬಿಡುವುದಿಲ್ಲ. ಕಿಟಕಿಯ ಹತ್ತಿರ 26 ಇಂಚು ಎತ್ತರದಲ್ಲಿ ಮಡಚುವ ಹಲಗೆಯೊಂದನ್ನು ಗೋಡೆಗೆ ಹಾಕಿಸಿದೆವು, ಗಟ್ಟಿ ಬ್ರಾಕೆಟ್ ಕೊಟ್ಟು. ಸ್ಟೂಲಿನ ಮೇಲೆ ಕೂತು ತುರಿಯುತ್ತಾರೆ, ಅಲ್ಲೇ ಸೊಪ್ಪು ಬಿಡಿಸುತ್ತಾರೆ, ಮಗಳು ಅಲ್ಲೇ ತಿಂಡಿ ತಿನ್ನುತ್ತಾಳೆ.

ಒಡೆಯುವ ಮೊದಲು ಕಟ್ಟಡದ ಸೊಸೈಟಿಗೆ ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಬೇಕು. ಕೆಲಸದ ಸಮಯ, ಡೆಪಾಸಿಟ್, ರಾಬಿಟ್ (ಒಡೆದ ಕಲ್ಲುಮಣ್ಣು) ಎಲ್ಲಿ ಹಾಕಬೇಕು, ಎಲ್ಲ ಮೊದಲೇ ಬರೆಸಿಕೊಳ್ಳಿ. ಬೀಮ್, ಕಾಲಂ ಮುಟ್ಟುವ ಮಾತೇ ಬೇಡ. ಕೆಲಸ ಶುರು ಮಾಡಿದ್ದು ದೀಪಾವಳಿ ಕಳೆದ ಮೇಲೆ. ಮುಂಬೈ ಮಳೆಗಾಲದಲ್ಲಿ ಪ್ಲೈವುಡ್ ತರಿಸಿ ಮನೆಯಲ್ಲಿಟ್ಟರೆ ಅದು ತೇವ ಕುಡಿಯುತ್ತದೆ, ಅಂಟಿಸಿದ್ದು ಸರಿಯಾಗಿ ಒಣಗುವುದಿಲ್ಲ.

ಹಳೇ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ ಇತ್ತು. ಅದನ್ನು ತೆಗೆದೆವು, ಆದರೆ ನೆಲದ ನೀರು ಹೋಗುವ ನಹಾನಿ ಟ್ರ್ಯಾಪ್ ಉಳಿಸಿಕೊಂಡೆವು. ಟ್ರ್ಯಾಪಿನ ಸುತ್ತ ವಾಟರ್‌ಪ್ರೂಫಿಂಗ್ ಆದ ಮೇಲೆ ಬಾಯಿ ಕಟ್ಟಿ ನೀರು ನಿಲ್ಲಿಸಿ, ಎರಡು ದಿನ ಬಿಟ್ಟು, ಕೆಳಗಿನ ಮನೆಗೆ ಹೋಗಿ ಅವರ ಸೀಲಿಂಗ್ ನೋಡಿ ಬಂದೆವು. ಕೆಲಸದವರು ಅವಸರ ಮಾಡುತ್ತಾರೆ. ಮಾಡಲಿ. ಟೈಲ್ಸ್ ಕೂತ ಮೇಲೆ ಸೋರಿಕೆ ಕಂಡರೆ ಮತ್ತೆ ಎಲ್ಲ ಒಡೆಯಬೇಕು, ಅಲ್ವಾ? ಸಿಂಕನ್ನು ಮಾತ್ರ ಹಳೇ ಪೈಪಿನ ಹತ್ತಿರವೇ ಇಟ್ಟೆವು. ದೂರ ಒಯ್ದಷ್ಟೂ ಇಳಿಜಾರು ಸಾಲದೆ ನೀರು ನಿಲ್ಲುತ್ತದೆ.

ಕಟ್ಟೆಯ ಕೆಳಗೆ ಪ್ಲೈವುಡ್ ಪೆಟ್ಟಿಗೆ ಕೂರಿಸಬೇಕಾ, ಕಡಪ ಕಲ್ಲು ನಿಲ್ಲಿಸಬೇಕಾ? ಶೋರೂಮಿನವರು ಪೆಟ್ಟಿಗೆಯೇ ಚೆಂದ ಅನ್ನುತ್ತಾರೆ. ಫಿನಿಶ್ ಚೆನ್ನಾಗಿರುತ್ತದೆ, ನಿಜ. ನಾನು ಕಲ್ಲನ್ನೇ ಆರಿಸಿದೆ. ನೆಲ ತೊಳೆದ ನೀರು ತಾಗಿದರೂ ಕಲ್ಲು ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಕಡಪದ ಅಡ್ಡಗೋಡೆಗಳ ನಡುವೆ ಹೊರಗೆಳೆಯುವ ಸ್ಟೀಲಿನ ಟ್ರಾಲಿ, ಮುಂದೆ ಪ್ಲೈವುಡ್ ಶಟರ್, ಅಂದರೆ ಕಪಾಟಿನ ಬಾಗಿಲು. ಒಂದು ಎಚ್ಚರಿಕೆ: ಟ್ರಾಲಿ ಸಿದ್ಧ ಅಳತೆಯಲ್ಲಿ ಬರುತ್ತದೆ. 15, 17, 19, 21 ಇಂಚು ಅಗಲ, 20 ಇಂಚು ಆಳ. ಯಾವುದು ಎಲ್ಲಿ ಅಂತ ಮೊದಲು ನಿಶ್ಚಯಿಸಿ, ಅದು ಜಾರುವ ಚಾನೆಲ್‌ಗೆ ಜಾಗ ಬಿಟ್ಟು, ಆಮೇಲೆ ಕಲ್ಲು ನಿಲ್ಲಿಸಬೇಕು.

ಶಟರಿಗೆ ಕುದಿನೀರಿಗೂ ಜಗ್ಗದ ಬಿಡಬ್ಲ್ಯೂಪಿ ಪ್ಲೈವುಡ್, ಅಂದರೆ ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆ ಇರುವುದು. ಐಎಸ್ 303 ಮುದ್ರೆಯದು ಹಾಲ್, ಬೆಡ್‌ರೂಮಿಗೆ ಸಾಕು, ಸಿಂಕಿನ ಹತ್ತಿರ ಬೇಡ. ಮುದ್ರೆ ನೋಡಿಯೂ ಸಮಾಧಾನ ಆಗದಿದ್ದರೆ ನಾನು ಮಾಡಿದ ಹಾಗೆ ಮಾಡಿ. ಅಂಗೈ ಅಗಲದ ತುಂಡೊಂದನ್ನು ಕತ್ತರಿಸಿಕೊಂಡು ಹಳೇ ಪಾತ್ರೆಯಲ್ಲಿ ಇಡೀ ಮಧ್ಯಾಹ್ನ ಕುದಿಸಿದೆ. ನೀರು ಕೆಂಪಾಯಿತು, ಮನೆಯೆಲ್ಲ ಮರದ ವಾಸನೆ. ತುಂಡು ತೆಗೆದು ಉಗುರು ಹಾಕಿ ಕಿತ್ತು ನೋಡಿದೆ, ಪದರ ಬಿಡಲಿಲ್ಲ. ಐಎಸ್ 710ರ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಮನೆಯಲ್ಲಿ ಅಷ್ಟು ಬೇಕಿಲ್ಲ, ಕಳಪೆ ಮಾಲು ಕೆಲವೇ ಗಂಟೆಯಲ್ಲಿ ಬಾಯಿ ಬಿಡುತ್ತದೆ. ಲ್ಯಾಮಿನೇಟ್ ಶಟರಿನ ಎರಡೂ ಮುಖಕ್ಕೆ ಬೇಕು. ಒಂದೇ ಕಡೆ ಅಂಟಿಸಿದರೆ ಹಲಗೆ ಬಾಗುತ್ತದೆ. ಹಿಂಜ್, ಚಾನೆಲ್‌ಗಳನ್ನು ಲೋಹಾರ್ ಚಾಳ್ ಪೇಟೆಯಲ್ಲಿ ನಾನೇ ಕೈಯಲ್ಲಿ ಹಿಡಿದು ನೋಡಿ ತಂದೆ. ಟ್ರಾಲಿಯ ಸ್ಟೀಲು 304 ಗ್ರೇಡೇ ಇರಲಿ. ಈ ಊರಿನ ಗಾಳಿಗೆ ಸಾಧಾರಣ ಸ್ಟೀಲು ಬೇಗ ತುಕ್ಕು ಹಿಡಿಯುತ್ತದೆ.

ಕಟ್ಟೆಯ ಮೇಲಿಗೆ ಕ್ವಾರ್ಟ್ಜ್ ಹಾಕಿಸಿ ಅಂತ ತುಂಬಾ ಜನ ಹೇಳಿದರು. ನೋಡಲು ಚೆಂದವೇ. ಆದರೆ ಅದು ಪುಡಿ ಕಲ್ಲನ್ನು ರೆಸಿನ್ ಎಂಬ ಅಂಟು ಹಾಕಿ ಒತ್ತಿ ಮಾಡಿದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ರೆಸಿನ್‌ಗೆ ಪೆಟ್ಟು. ನಮ್ಮಲ್ಲಿ ಯಾರೂ ಪ್ರತಿ ಸಲ ಮಣೆ ಹುಡುಕುವವರಲ್ಲ. ಕಪ್ಪು ಗ್ರಾನೈಟೇ ಸೈ ಅನ್ನಿಸಿತು. ಅಂಗಡಿಯಲ್ಲಿ ನಮ್ಮ ಚಾಮರಾಜನಗರದ ಕರಿಕಲ್ಲು ತೋರಿಸಿದಾಗ ಬೇರೆ ನೋಡುವ ಮನಸ್ಸೇ ಆಗಲಿಲ್ಲ. ಅಂಚನ್ನು ಅರ್ಧ ಗುಂಡಗೆ ಉಜ್ಜಿಸಿ, ಅಂಚಿನ ತಳಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆಸಿದೆವು. ಕಟ್ಟೆಯಿಂದ ಹರಿದ ನೀರು ಆ ಗೆರೆಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ನುಗ್ಗಿ ಶಟರಿನ ತಲೆ ನೆನೆಸುವುದಿಲ್ಲ. ಬಹಳ ಕಡಿಮೆ ಖರ್ಚಿನ ಕೆಲಸ ಇದು. ಕೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ.

ಸಿಂಕ್ ಒಂದೇ ಬಟ್ಟಲಿನದು, 24 ಇಂಚು ಉದ್ದ, 18 ಇಂಚು ಅಗಲ. ಎರಡು ಬಟ್ಟಲಿನ ಸಿಂಕಿನಲ್ಲಿ ಇಡ್ಲಿ ಪಾತ್ರೆಯಾಗಲಿ, ಗ್ರೈಂಡರಿನ ಡ್ರಮ್ಮಾಗಲಿ ಯಾವುದರಲ್ಲೂ ಹಿಡಿಸುವುದಿಲ್ಲ.

ಗ್ಯಾಸಿನ ಬಗ್ಗೆ ಸ್ವಲ್ಪ ಗಮನ ಕೊಡಿ. ನಮ್ಮದು ಮಹಾನಗರ ಗ್ಯಾಸಿನ ಪೈಪ್ ಲೈನ್. ಮೀಟರ್, ಪೈಪು ಸರಿಸಬೇಕಾದರೆ ಕಂಪನಿಗೆ ಅರ್ಜಿ ಹಾಕಿ ಅವರಿಂದಲೇ ಮಾಡಿಸಬೇಕು, ಪ್ಲಂಬರ್ ಕೈಲಿ ಅಲ್ಲ. ಚೆಂದ ಕಾಣಲಿ ಅಂತ ಪೈಪನ್ನು ಕಪಾಟಿನೊಳಗೆ ಮುಚ್ಚುವುದೂ ಸರಿಯಲ್ಲ. ಪೈಪಿನಲ್ಲಿ ಬರುವ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರುತ್ತದೆ. ಸಿಲಿಂಡರ್ ಗ್ಯಾಸ್ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಅದಕ್ಕೆ ಪೈಪ್ ಗ್ಯಾಸ್ ಇರುವ ಮನೆಯಲ್ಲಿ ಮೇಲ್ಗಡೆ ಗಾಳಿ ಹೋಗಲು ದಾರಿ ಬೇಕು, ಸಿಲಿಂಡರ್ ಇಡುವ ಕಪಾಟಿಗೆ ಕೆಳಗಡೆ ಜಾಲರಿ ಬೇಕು.

ಚಿಮ್ನಿಯನ್ನು ಒಲೆಯಿಂದ 28 ಇಂಚು ಮೇಲೆ ಕೂರಿಸಿದೆವು. ಹೊಗೆ ಎಳೆಯುವ ಶಕ್ತಿ, ಅಂದರೆ ಸಕ್ಷನ್, ಎಷ್ಟು ಸಾವಿರದ್ದು ಅಂತ ಎಲ್ಲರೂ ಕೇಳುತ್ತಾರೆ. ಹೊಗೆ ಹೋಗುವ ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದು 6 ಇಂಚಿನದಿರಲಿ, ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ. ಎರಡು ಮೂರು ಕಡೆ ತಿರುಗಿಸಿ ಒಯ್ದರೆ ಎಷ್ಟು ದೊಡ್ಡ ಮೋಟರೂ ಸೋಲುತ್ತದೆ. ಕಿಟಕಿಯ ಎಕ್ಸಾಸ್ಟ್ ಫ್ಯಾನನ್ನೂ ಉಳಿಸಿಕೊಂಡೆವು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಎರಡೂ ಓಡಬೇಕು. ಹಾಲಿನ ಗೋಡೆ ಒಡೆದು ಓಪನ್ ಕಿಚನ್ ಮಾಡುವ ಆಸೆ ನಮ್ಮವರಿಗಿತ್ತು. ದಿನಾ ಮೀನು ಹುರಿಯುವ ಮನೆಗೆ ಅದು ಬೇಡ ಅಂತ ನಾನು ಹಟ ಹಿಡಿದೆ. ಹಾಲಿನ ಸೋಫಾ, ಪರದೆ ಎಲ್ಲ ಆ ವಾಸನೆ ಹಿಡಿದಿಟ್ಟುಕೊಳ್ಳುತ್ತವೆ.

ಕರೆಂಟಿನ ಪಾಯಿಂಟುಗಳನ್ನು ಟೈಲ್ಸ್‌ಗೆ ಮೊದಲೇ ಎಣಿಸಬೇಕು. ಇಂಡಕ್ಷನ್, ಮೈಕ್ರೋವೇವ್, ಒವನ್‌ಗೆ 16 ಆಂಪಿಯರ್ ಸಾಕೆಟ್. ಮಿಕ್ಸಿ, ಗ್ರೈಂಡರ್, ನೀರಿನ ಫಿಲ್ಟರಿಗೆ 6 ಆಂಪಿಯರ್ ಸಾಕು. ಅಡುಗೆಮನೆಯ ಭಾರದ ಪಾಯಿಂಟುಗಳಿಗೆ 4 ಚದರ ಮಿಲಿಮೀಟರ್ ತಂತಿ ಎಳೆಸಿದೆವು, ಜೊತೆಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಜಾಗ ಇದು, ಇಲ್ಲಿ ದುಡ್ಡು ಉಳಿಸಬೇಡಿ. ಇನ್ನು ಬೆಳಕು. ಸೀಲಿಂಗಿನ ದೀಪ ಬೆನ್ನ ಹಿಂದೆ ಇದ್ದರೆ ನಮ್ಮದೇ ನೆರಳು ಈಳಿಗೆಯ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಹಾಕಿಸಿದ ಮೇಲೆ ಅಕ್ಕಿಯಲ್ಲಿನ ಕಲ್ಲೂ ಕಾಣುತ್ತದೆ.

ಮೇಲಿನ ಕಪಾಟು 12 ಇಂಚು ಆಳ ಮಾತ್ರ, ತಲೆ ತಾಗಬಾರದಲ್ಲ. ಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು. ಮೇಲಕ್ಕೆ ಏಳುವ ಬಾಗಿಲು ಅತ್ತೆಯ ಕೈಗೆ ಮತ್ತೆ ಸಿಗುವುದಿಲ್ಲ. ತೆರೆದ ಶೆಲ್ಫ್ ಒಂದನ್ನೂ ಇಡಲಿಲ್ಲ, ಎಣ್ಣೆ ಜಿಡ್ಡು, ಧೂಳು ಎರಡೂ ಕೂರುತ್ತವೆ. ದಿನಾ ಬೇಕಾದ ಬೇಳೆ, ಸಾರಿನಪುಡಿ, ಒಗ್ಗರಣೆ ಡಬ್ಬಿ ಒಲೆಯ ಪಕ್ಕದ ಟ್ರಾಲಿಯಲ್ಲಿ. ದಪ್ಪ ಪಾತ್ರೆಗಳು ಅದರ ಕೆಳಗಿನದರಲ್ಲಿ. ವರ್ಷಕ್ಕೊಮ್ಮೆ ಇಳಿಸುವ ಚಕ್ಕುಲಿ ಒರಳು, ದೊಡ್ಡ ಹಂಡೆ ಅಟ್ಟದ ಮೇಲೆ.

ಬಣ್ಣ ಕೊನೆಗೆ ಆರಿಸಿದೆವು. ಕೆಳಗೆ ಬೂದು, ಮೇಲೆ ತಿಳಿ ಕೆನೆ, ಎರಡೂ ಮ್ಯಾಟ್.

ಟೈಲ್ಸ್ ಹಾಕುವ ಮೊದಲು ಒಂದು ಕೆಲಸ ಖಂಡಿತ ಮಾಡಿ. ಪೈಪು, ವೈರು ಹೋದ ಪ್ರತಿ ಗೋಡೆಗೆ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋಟೋ ತೆಗೆದಿಡಿ. ನೀರಿನ ಫಿಲ್ಟರ್ ಕೂರಿಸಲು ಬಂದ ಹುಡುಗ ಸಿಂಕಿನ ಮೇಲ್ಗಡೆ ಡ್ರಿಲ್ ಇಟ್ಟಿದ್ದ. ಫೋನು ತೆಗೆದು ತೋರಿಸಿದೆ. ಅವನು ಗುರುತು ಹಾಕಿದ ಜಾಗದ ಹಿಂದೆಯೇ ನೀರಿನ ಪೈಪು ಇತ್ತು. 5 ಇಂಚು ಎಡಕ್ಕೆ ಸರಿದು ತೂತು ಹೊಡೆದ.