ಮಳೆಗಾಲದ ಫಿಲ್ಮಿನಲ್ಲಿ ಕಂಡ ರಂಧ್ರಗಳು

ಅಯಾನಿಕ ಬ್ಲಾಕ್ ಕೋಪಾಲಿಮರು (ಬೇರೆಬೇರೆ ಪಾಲಿಮರ್ ತುಂಡುಗಳು ಒಂದೇ ಸರಪಳಿಯಲ್ಲಿ ಜೋಡಿಕೊಂಡಿರುವ, ವಿದ್ಯುದಾವೇಶವುಳ್ಳ ಗುಂಪುಗಳನ್ನು ಹೊತ್ತ ವಸ್ತು) ಪಾಲಿಯೆಸ್ಟರಿನೊಳಗೆ ಬೆರೆಯುತ್ತದೆಯೇ, ಬೆರೆಯದಿದ್ದರೆ ಎಷ್ಟು ಸಣ್ಣ ತುಣುಕುಗಳಾಗಿ ಹರಡಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಎರಡು ಮಳೆಗಾಲ ಕಳೆದೆ. ಮೊದಲನೆಯದು ಬಹುಪಾಲು ತಪ್ಪು ತಿಳಿವಳಿಕೆಯಲ್ಲೇ ಹೋಯಿತು.

ನಾನು ಆರಿಸಿಕೊಂಡದ್ದು ಎಸ್‌ಇಬಿಎಸ್. ಇದರ ಸರಪಳಿಯ ಎರಡೂ ತುದಿಗಳಲ್ಲಿ ಪಾಲಿಸ್ಟೈರೀನ್, ನಡುವೆ ರಬ್ಬರಿನಂಥ ಎಥಿಲೀನ್-ಬ್ಯುಟಿಲೀನ್ ಇರುತ್ತದೆ. ಸಣ್ಣ ಅಣುಗಳ ದ್ರವಗಳು ಬೆರೆಯುವಾಗ ಎಂಟ್ರೊಪಿ (ಅಣುಗಳ ಅಸ್ತವ್ಯಸ್ತತೆ) ಹೆಚ್ಚುವುದರಿಂದ ಸಿಗುವ ಲಾಭವು ಉದ್ದನೆಯ ಸರಪಳಿಗಳಿಗೆ ಬಹುತೇಕ ಸಿಗುವುದಿಲ್ಲವಾದ್ದರಿಂದ, ಅವುಗಳ ನಡುವೆ ಯಾವುದಾದರೊಂದು ಆಕರ್ಷಣೆಯನ್ನು ನಾವೇ ಒದಗಿಸಬೇಕಾಗುತ್ತದೆ. ಅದಕ್ಕಾಗಿ ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದಿಂದ ತಯಾರಿಸಿದ ಅಸಿಟೈಲ್ ಸಲ್ಫೇಟಿನ ಮೂಲಕ ಸ್ಟೈರೀನ್ ಉಂಗುರಗಳಿಗೆ ಸಲ್ಫೋನಿಕ್ ಗುಂಪುಗಳನ್ನು ಜೋಡಿಸಿ, ಎಷ್ಟು ಸೇರಿದೆ ಎಂಬುದನ್ನು ಟೈಟ್ರೇಶನ್ ಮಾಡಿ ನೋಡಿದೆ. ಈ ಗುಂಪುಗಳನ್ನು ಆಮ್ಲರೂಪದಲ್ಲೇ ಬಿಟ್ಟರೆ ತೇವಾಂಶದೊಂದಿಗೆ ಸೇರಿ ಪಾಲಿಯೆಸ್ಟರಿನ ಸರಪಳಿಯನ್ನು ಹಿಡಿದಿಡುವ ಎಸ್ಟರ್ ಬಂಧವನ್ನೇ ಕತ್ತರಿಸುತ್ತವೆ. ನನ್ನ ಆರಂಭದ ಮಾದರಿಗಳು ಕೆಲವೇ ದಿನಗಳಲ್ಲಿ ಪುಡಿಪುಡಿಯಾದಾಗಲಷ್ಟೇ ಇದು ತಲೆಗೆ ಹೋಯಿತು. ಅಲ್ಲಿಂದ ಮುಂದೆ ಝಿಂಕ್ ಅಸಿಟೇಟ್ ಸೇರಿಸಿ ಎಲ್ಲವನ್ನೂ ಝಿಂಕ್ ಲವಣವನ್ನಾಗಿಸಿಕೊಂಡೇ ಬಳಸಿದೆ.

ಪಾಲಿಯೆಸ್ಟರಾಗಿ ಮೊದಲು ತೆಗೆದುಕೊಂಡದ್ದು ಪಾಲಿಕ್ಯಾಪ್ರೊಲ್ಯಾಕ್ಟೋನ್. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಕೆಲಸ ಸುಲಭವೆಂದುಕೊಂಡಿದ್ದೆ. ಬಿಸಿಮಾಡುತ್ತ ಹೋದಂತೆ ವಸ್ತು ಎಷ್ಟು ಶಾಖ ಹೀರುತ್ತದೆಂದು ಅಳೆಯುವ ಡಿಎಸ್‌ಸಿ ಯಂತ್ರದಲ್ಲಿ ಮಿಶ್ರಣವನ್ನು ಓಡಿಸಿದಾಗ ಸೊನ್ನೆಗಿಂತ ಬಹಳ ಕೆಳಗೆ ಒಂದೇ ಒಂದು ಗ್ಲಾಸ್ ಟ್ರಾನ್ಸಿಶನ್ (ಗಾಜಿನಂತೆ ಗಡುಸಾದ ಪಾಲಿಮರ್ ಮೆತ್ತಗಾಗುವ ತಾಪಮಾನ) ಕಂಡಿತು. ಒಂದೇ ಟ್ರಾನ್ಸಿಶನ್ ಎಂದರೆ ಒಂದೇ ಪ್ರಾವಸ್ಥೆ (ಫೇಸ್), ಅಂದರೆ ಸಂಪೂರ್ಣ ಬೆರಕೆ ಎಂದು ಓದಿಕೊಂಡಿದ್ದ ನಾನು ಪ್ರಿಂಟ್ ತೆಗೆದುಕೊಂಡು ಗೈಡ್ ಮೇಡಂ ಬಳಿಗೆ ಓಡಿದೆ. ಅವರು ಅದನ್ನು ನೋಡಿ, “ಎರಡನ್ನೂ ಬೆರೆಸದೆ, ಒಂದರ ಪಕ್ಕ ಒಂದಿಟ್ಟು ಒಂದೇ ಪ್ಯಾನಿನಲ್ಲಿ ಓಡಿಸು ಮಾರಾಯ” ಎಂದಷ್ಟೇ ಹೇಳಿದರು. ಹಾಗೆ ಮಾಡಿದಾಗಲೂ ಬಂದದ್ದು ಹೆಚ್ಚುಕಡಿಮೆ ಅದೇ ಗೆರೆ. ಕ್ಯಾಪ್ರೊಲ್ಯಾಕ್ಟೋನಿನ ಟ್ರಾನ್ಸಿಶನ್ ಮೈನಸ್ 60ರ ಆಸುಪಾಸಿನಲ್ಲಿದ್ದರೆ ರಬ್ಬರ್ ಭಾಗದ್ದೂ ಅದಕ್ಕೆ ತಾಗಿಕೊಂಡೇ ಇರುತ್ತದೆ. ನಾನು ಬೆರಕೆಯೆಂದು ಸಂಭ್ರಮಿಸಿದ್ದು ಎರಡು ಸಂಖ್ಯೆಗಳ ಕಾಕತಾಳೀಯವನ್ನು.

ಆಮೇಲೆ ಇನ್ನೊಂದು ಪಾಲಿಯೆಸ್ಟರಾದ ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ಬದಲಾಯಿಸಿದೆ. ಅದರ ಟ್ರಾನ್ಸಿಶನ್ 60ರ ಸುಮಾರಿಗೂ ಪಾಲಿಸ್ಟೈರೀನಿನದು 100ರ ಸುಮಾರಿಗೂ ಇರುವುದರಿಂದ ಒಂದು ಇನ್ನೊಂದರ ಹಿಂದೆ ಅಡಗುವ ಭಯವಿರಲಿಲ್ಲ. ಪಾಲಿಯೆಸ್ಟರ್, ಕೋಪಾಲಿಮರು ಎರಡನ್ನೂ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಗಾಜಿನ ತಟ್ಟೆಯಲ್ಲಿ ಸುರಿದದ್ದು ಜುಲೈಯಲ್ಲಿ, ಕಿಟಕಿಯಾಚೆ ಮಳೆ ಬಿಡದೆ ಸುರಿಯುತ್ತಿದ್ದಾಗ. ಫಿಲ್ಮು ಹಾಲಿನಂತೆ ಬೆಳ್ಳಗಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೇಲ್ಮೈಯ ತುಂಬ ಜೇನುಗೂಡಿನಂತೆ ಒಂದೇ ಅಳತೆಯ ದುಂಡನೆಯ ಗುಂಡಿಗಳು. ಪ್ರತ್ಯೇಕಗೊಂಡ ಕೋಪಾಲಿಮರಿನ ಹನಿಗಳು ಕೂತಿದ್ದ ಜಾಗಗಳಿವು ಎಂದು ವಾರಗಟ್ಟಲೆ ಅವುಗಳ ವ್ಯಾಸವನ್ನು ಅಳೆದೆ. ಅನುಮಾನ ಬಂದದ್ದು ಕೋಪಾಲಿಮರನ್ನೇ ಹಾಕದ, ಬರೀ ಪಾಲಿಯೆಸ್ಟರಿನ ಫಿಲ್ಮಿನಲ್ಲೂ ಅಂಥ ಗುಂಡಿಗಳು ಕಂಡಾಗ. ಕ್ಲೋರೋಫಾರ್ಮ್ ಬೇಗನೆ ಆವಿಯಾಗುತ್ತ ದ್ರಾವಣದ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ; ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ; ಆ ನೀರಹನಿಗಳ ಸುತ್ತ ಪಾಲಿಮರ್ ಗಟ್ಟಿಯಾಗಿ, ನೀರು ಹೋದ ಮೇಲೆ ಗುಂಡಿ ಮಾತ್ರ ಉಳಿಯುತ್ತದೆ. ಹಲಸಿನ ಹಪ್ಪಳವನ್ನು ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಬಿಗಿಮಾಡಿಯೇ ಇಡುವ ಊರಿನವನಿಗೆ ಇಷ್ಟು ಮೊದಲೇ ಹೊಳೆಯಬೇಕಿತ್ತು.

ಮರುವರ್ಷ ತಟ್ಟೆಯನ್ನು ಸಿಲಿಕಾ ಜೆಲ್ ತುಂಬಿದ ಡೆಸಿಕೇಟರಿನೊಳಗಿಟ್ಟು ಗಾಳಿಯಾಡುವಿಕೆಯನ್ನು ತಗ್ಗಿಸಿ ನಿಧಾನವಾಗಿ ಒಣಗಿಸಿದೆ. ನಂತರ ನಿರ್ವಾತ ಓವನ್ನಿನಲ್ಲಿ ತೂಕ ಸ್ಥಿರವಾಗುವವರೆಗೆ ಬಿಟ್ಟೆ. ಉಳಿದುಕೊಂಡ ದ್ರಾವಕವು ಟ್ರಾನ್ಸಿಶನ್ನನ್ನು ಕೆಳಗೆ ಎಳೆದು ಇನ್ನೊಂದು ಸುಳ್ಳು ಬೆರಕೆಯನ್ನು ತೋರಿಸಬಲ್ಲದು ಎಂಬ ಕಾರಣಕ್ಕೆ ಡಿಎಸ್‌ಸಿಯಲ್ಲಿ ಎರಡನೇ ಬಾರಿ ಬಿಸಿಮಾಡಿದಾಗಿನ ಗೆರೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಸೂಕ್ಷ್ಮದರ್ಶಕಕ್ಕೆ ಫಿಲ್ಮಿನ ಮೇಲ್ಮೈಯನ್ನು ಒಯ್ಯುವುದನ್ನೂ ಬಿಟ್ಟು, ದ್ರವ ಸಾರಜನಕದಲ್ಲಿ ಮುರಿದ ಅಂಚನ್ನು ದುರ್ಬಲ ಕ್ಷಾರದಲ್ಲಿ ಅದ್ದಿ ಪಾಲಿಯೆಸ್ಟರನ್ನಷ್ಟೇ ಸವೆಸಿದ ಮೇಲೆ ನೋಡಿದೆ.

ಈಗ ಕಂಡದ್ದು ಬೇರೆಯೇ. ಸಲ್ಫೋನೇಶನ್ ಇಲ್ಲದ ಮಿಶ್ರಣದಲ್ಲಿ ಮೈಕ್ರಾನುಗಟ್ಟಲೆ ದಪ್ಪದ ಹನಿಗಳಿದ್ದರೆ, ಝಿಂಕ್ ಲವಣ ಹೆಚ್ಚಿದಂತೆ ಅವು ಒಂದು ಮೈಕ್ರಾನಿಗಿಂತ ಸಾಕಷ್ಟು ಕೆಳಗಿಳಿದವು. ಅಣುಬಂಧಗಳು ಹೀರುವ ಅವಗೆಂಪು ಬೆಳಕನ್ನು ಅಳೆಯುವ ಎಫ್‌ಟಿಐಆರ್‌ನಲ್ಲಿ, ಪ್ರತಿ ಸೆಂಟಿಮೀಟರಿಗೆ 1750 ಅಲೆಗಳ ಬಳಿ ಬರುವ, ಎಸ್ಟರಿನ ಕಾರ್ಬೊನೈಲ್ (ಇಂಗಾಲ-ಆಮ್ಲಜನಕ ಜೋಡಿ) ಶಿಖರದ ಕೆಳಬದಿಗೆ ಸಣ್ಣದೊಂದು ಭುಜ ಮೂಡಿತು. ಝಿಂಕ್ ಎಸ್ಟರನ್ನು ಹಿಡಿದುಕೊಂಡಿದೆ ಎಂದು ಅದನ್ನು ಓದಿಕೊಂಡೆ. ಆದರೂ ಟ್ರಾನ್ಸಿಶನ್ನುಗಳು ಒಂದಾಗಲಿಲ್ಲ. ರಬ್ಬರ್ ಭಾಗದ್ದು ಇದ್ದಲ್ಲೇ ಇತ್ತು, ಪಾಲಿಯೆಸ್ಟರಿನದು ಎರಡು ಮೂರು ಡಿಗ್ರಿ ಸರಿದದ್ದಷ್ಟೇ. ಅಯಾನುಗಳೆಲ್ಲ ಸ್ಟೈರೀನ್ ತುದಿಗಳಲ್ಲಿದ್ದು, ನಡುವಿನ ರಬ್ಬರಿಗೆ ಪಾಲಿಯೆಸ್ಟರಿನ ಮೇಲೆ ಯಾವ ಒಲವೂ ಇಲ್ಲದಿರುವಾಗ ಬೇರೆ ಫಲಿತಾಂಶವನ್ನು ನಿರೀಕ್ಷಿಸುವುದೂ ಸರಿಯಲ್ಲ. ಹಾಗಾಗಿ ವರದಿಯ ಶೀರ್ಷಿಕೆಯಲ್ಲಿ ‘ಬೆರಕೆ’ ಎಂದು ಬರೆದಿದ್ದುದನ್ನು ಹೊಡೆದುಹಾಕಿ ‘ಹೊಂದಾಣಿಕೆ’ ಎಂದು ತಿದ್ದಿದೆ.