ದೂರು ಮೊದಲು, ಸ್ತೋತ್ರ ಆಮೇಲೆ: ನೋವಿನವರ ಕೂಟ ನಡೆಸಿದ ನನ್ನ ಅನುಭವ

ನೊಂದವರು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ, ಬೈಬಲಿನ ಕೀರ್ತನೆಗಳಲ್ಲಿ ದೇವರಿಗೇ ದೂರು ಹೇಳುವಂಥವನ್ನು ಒಟ್ಟಿಗೆ ಓದಿ ಪ್ರಾರ್ಥಿಸುವ ಕೂಟ ನಮ್ಮದು. ಮೊದಲೇ ನೊಂದವರ ಬಾಯಲ್ಲಿ ದೇವರ ಮೇಲೆ ದೂರು ಓದಿಸುವುದೆಂದರೆ ಅಪನಂಬಿಕೆ ಕಲಿಸಿದ ಹಾಗೆ ಎಂದು ನಮ್ಮ ಕಡೆಯ ಚರ್ಚಿನ ಸಭಾ ಹಿರಿಯರು ಬಹಳ ದಿನ ತಕರಾರು ಮಾಡಿದರು. ಈಗ ಅವರ ಕಡೆಯವರೇ ನಮ್ಮ ಹಾಳೆಗಳ ಜೆರಾಕ್ಸ್ ಕೇಳಿಕೊಂಡು ಬರುತ್ತಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ನಾಲ್ಕೈದು ಮನೆಗಳಲ್ಲಿ ಕೂಟ ಬಿಡದೆ ನಡೆಯುತ್ತಿದೆ. ಮನೆಕೂಟ ನಡೆಸುವುದು ನಿಮಗೆಲ್ಲ ಗೊತ್ತಿರುವುದೇ. ಇಲ್ಲಿ ಬೇರೆ ಏನು ಮಾಡಿದೆವು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ರೋಗ, ಕಷ್ಟ ನೀಗಲೆಂದು ಪ್ರಾರ್ಥಿಸುವ ಮೂರು ದಿನದ ಸ್ವಸ್ಥತಾ ಕೂಟ ಅಂದರೆ ಶಾಮಿಯಾನ, ಮೈಕ್ ಸೆಟ್, ಕೀಬೋರ್ಡ್ ಬಾಡಿಗೆ, ಬೋಧಕರ ಪ್ರಯಾಣ, ಊಟ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು. ಕಾಣಿಕೆಯಲ್ಲಿ ಅರ್ಧವೂ ಹುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೊನೆಯ ದಿನ ‘ದೇವರು ನನಗೆ ಹೀಗೆ ಮಾಡಿದ’ ಎಂದು ಸಾಕ್ಷಿ ಹೇಳಲು ಏನೂ ಇಲ್ಲದವರು, ಅಂದರೆ ಗಡ್ಡೆ ಕರಗದವರು, ಫೇಲಾದ ಬೋರ್‌ವೆಲ್‌ನ ಸಾಲ ಹಾಗೇ ಉಳಿದವರು, ಮುಂದಿನ ಭಾನುವಾರದಿಂದ ಆರಾಧನೆಗೂ ಬರುವುದಿಲ್ಲ. ತಮ್ಮ ನಂಬಿಕೆಯೇ ಸಾಲದೆಂದು ತೀರ್ಮಾನ ಮಾಡಿಕೊಂಡಿರುತ್ತಾರೆ. ಈಗಿನ ಕೂಟಕ್ಕೆ ಟೀ, ಬಿಸ್ಕತ್ತು, ಜೆರಾಕ್ಸ್ ಸೇರಿ ತಿಂಗಳಿಗೆ ಆರೇಳು ನೂರು ರೂಪಾಯಿ ಸಾಕು.

ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಏಳು ಗಂಟೆಗೆ ಶುರು. ಮುಕ್ಕಾಲು ಗಂಟೆ, ಅಷ್ಟೇ. ಜನ ಏಳೆಂಟಕ್ಕಿಂತ ಹೆಚ್ಚಾದರೆ ಎರಡು ಮನೆಗೆ ಹಂಚಿ. ಹತ್ತು ದಾಟಿದರೆ ಒಬ್ಬರು ಭಾಷಣ ಮಾಡುತ್ತಾರೆ, ಉಳಿದವರು ಕೇಳುತ್ತಾರೆ. ಕೂಟ ಅಲ್ಲಿಗೇ ಕೆಟ್ಟಿತು. ಕೀರ್ತನೆಯನ್ನು ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಹಾಕಿಸಿ, ಕೈಗೊಂದು ಕೊಡಿ. ಬೈಬಲ್ ಬಿಚ್ಚಿದರೆ ಪಕ್ಕದ ವಾಕ್ಯಕ್ಕೆ ಹಾರುವವರು ಇದ್ದೇ ಇರುತ್ತಾರೆ.

ಮೊದಲ ವಾರ 13ನೇ ಕೀರ್ತನೆ. ಆರೇ ವಚನ, ಎರಡೆರಡರಂತೆ ಮೂರು ತುಂಡು. ಮೊದಲ ಎರಡರಲ್ಲಿ ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲಿ ನಿಲ್ಲಿಸಿ ಮೂರು ನಿಮಿಷ ಸುಮ್ಮನಿರಿ. ಆಮೇಲೆ ಒಬ್ಬೊಬ್ಬರು ಒಂದೊಂದು ದೂರು ಹೇಳಬೇಕು, ದೇವರಿಗೇ ಹೇಳಬೇಕು. ಸೊಸೆಯ ಮೇಲೆ, ಪಕ್ಕದ ಜಮೀನಿನವರ ಮೇಲೆ ಶುರುವಾದರೆ ಅದು ಪಂಚಾಯಿತಿ ಆಗುತ್ತದೆ. ‘ಅಕ್ಕಾ, ಅದನ್ನ ಕರ್ತನಿಗೆ ಹೇಳಿ’ ಎಂದು ತಿರುಗಿಸಿದರೆ ಸಾಕು. 3, 4ನೇ ವಚನ ಆದ ಮೇಲೆ ಒಂದು ಬೇಡಿಕೆ, ಬರುವ ವಾರದ್ದು ಮಾತ್ರ. ‘ಸಮಾಧಾನ ಕೊಡು’ ಅಂದರೆ ಯಾರಿಗೂ ಹಿಡಿತ ಸಿಗುವುದಿಲ್ಲ. ‘ಗುರುವಾರ ಡಯಾಲಿಸಿಸ್‌ಗೆ ಜೊತೆಗೆ ಬರೋಕೆ ಒಬ್ಬರು ಬೇಕು’ ಅಂದರೆ ಅಲ್ಲೇ ಕೂತಿರುವವರು ಒಬ್ಬರು ಹೊರಡುತ್ತಾರೆ.

ಕೊನೆಯ ಎರಡು ವಚನ ಭರವಸೆಯವು. ಎಡವುವುದೆಲ್ಲ ಇಲ್ಲೇ. ಇವನ್ನು ಎಲ್ಲರ ಬಾಯಲ್ಲೂ ಹೇಳಿಸಬೇಡಿ. ಹೇಳಲು ಆಗದವರು ಸುಮ್ಮನಿರಲಿ, ಪಕ್ಕದವರು ಅವರ ಹೆಸರು ಹಿಡಿದು ಅವರ ಪರವಾಗಿ ಓದಲಿ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯುವಿನವನನ್ನು ನಾಲ್ಕು ಜನ ಹೊತ್ತು ತಂದರು. ಯೇಸು ನೋಡಿದ್ದು ಅವರ ನಂಬಿಕೆಯನ್ನು. ಇದೊಂದು ಬದಲಾವಣೆ ಆದ ಮೇಲೆಯೇ ಬಿಟ್ಟು ಹೋದವರು ವಾಪಸ್ ಬಂದದ್ದು.

ಮುಂದಿನ ವಾರಗಳಿಗೆ 42 ಮತ್ತು 43 ಸೇರಿಸಿ ಓದಿ, ಎರಡರಲ್ಲೂ ಪಲ್ಲವಿ ಒಂದೇ. ಆಮೇಲೆ 77, ಅದರ 10ನೇ ವಚನದ ಹತ್ತಿರ ತಿರುವು ಬರುತ್ತದೆ. 88 ಮಾತ್ರ ಒಂದು ತಿಂಗಳು ಕಳೆಯುವ ತನಕ ಮುಟ್ಟಬೇಡಿ. ಹದಿನೆಂಟು ವಚನ ಓದಿದರೂ ಕತ್ತಲಲ್ಲೇ ಮುಗಿಯುತ್ತದೆ, ಸ್ತೋತ್ರವೇ ಇಲ್ಲ. ಆದರೂ ಬೈಬಲಿನಲ್ಲಿ ಉಳಿದಿದೆ ಅನ್ನುವುದೇ ಕೆಲವರಿಗೆ ದೊಡ್ಡ ಆಸರೆ. ಅದನ್ನು ಓದಿದ ಮೇಲಿನ ಐದು ನಿಮಿಷ ನಾವು ಏನು ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತು ನೋಡಿ. 22 ಕೊನೆಗಿರಲಿ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಅದರ ಮೊದಲ ಮಾತನ್ನೇ. ಅಪನಂಬಿಕೆ ಅಂದ ಹಿರಿಯರು ಬಾಯಿ ಮುಚ್ಚಿದ್ದು ಈ ವಾರ!

ಕೆಲವು ವಾಕ್ಯಗಳಿಗೆ ಮೊದಲ ತಿಂಗಳು ಬೀಗ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವ ರೋಮಾಪುರ 8:28 ಸತ್ಯವೇ, ಆದರೆ ಮಗನನ್ನು ಮಣ್ಣು ಮಾಡಿ ಬಂದವರಿಗೆ ಆ ವಾರವೇ ಅದನ್ನು ಹೇಳಿದರೆ ಹೊಡೆದ ಹಾಗೆ. 1 ಥೆಸಲೋನಿಕ 4:13 ತೋರಿಸಿ ಅಳಬೇಡಿ ಅನ್ನುವವರು ಪೂರ್ತಿ ಓದಿರುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ, ದುಃಖಿಸಲೇಬೇಡಿ ಅಂತಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವುದು ಗೊತ್ತಿದ್ದೂ ಯೇಸು ಅತ್ತರು. ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿ ಬಿಡದೆ ಕೂತಿದ್ದ ತನಕ ಸರಿಯಾಗಿದ್ದರು, ಕೆಟ್ಟದ್ದು ಮಾತಿಗಿಳಿದ ಮೇಲೆ.

ದೇಹದ ವಿಷಯದಲ್ಲಿ ಬಿಗಿಯಾಗಿರಿ. ಇನ್ಸುಲಿನ್ ತಗೊಳ್ಳುವವರಿಗೆ ಉಪವಾಸ ಪ್ರಾರ್ಥನೆ ಬೇಡ, ಸಕ್ಕರೆ ಅಂಶ ಕುಸಿದು ಬೀಳುತ್ತಾರೆ. ಡಯಾಲಿಸಿಸ್‌ನವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವುದು ನಮ್ಮ ಕಡೆ ವಾಡಿಕೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಹೃದಯದ ಬಡಿತಕ್ಕೇ ಅಪಾಯ. ಅವರಿಗೆ ಟೀ ಕೂಡ ಅರ್ಧ ಲೋಟ. ಎಣ್ಣೆ ಹಚ್ಚಿ ಪ್ರಾರ್ಥಿಸುವುದಾದರೆ ಹಣೆಗೆ ಒಂದು ಹನಿ ಸಾಕು, ಗಾಯಕ್ಕೆ, ಕಟ್ಟಿದ ಪಟ್ಟಿಗೆ ಸೋಕಬಾರದು. ವಾರ್ಡಿನಲ್ಲಾದರೆ ಸಿಸ್ಟರ್ ಅನುಮತಿ ಕೇಳಿ, ಕೂತು ಮಾತಾಡಿ, ಐದಾರು ನಿಮಿಷಕ್ಕೆ ಹೊರಡಿ. ನಂಬಿಕೆಯಿಂದ ಮಾತ್ರೆ ಬಿಡುತ್ತೇನೆ ಅನ್ನುವವರಿಗೆ ಕೂಟದಲ್ಲಿ ಚಪ್ಪಾಳೆ ಇಲ್ಲ.

ಯಾರಾದರೂ ಸಾಯಬೇಕು ಅನ್ನಿಸುತ್ತಿದೆ ಅಂದರೆ ಹಾಳೆ ಮಡಚಿಡಿ. 1 ಅರಸು 19ರಲ್ಲಿ ಪ್ರವಾದಿ ಎಲೀಯ ಸಾವು ಕೇಳಿದಾಗ ದೇವರು ಮೊದಲು ಬೋಧನೆ ಮಾಡಲಿಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ಅದೇ ಕ್ರಮ ಹಿಡಿಯಿರಿ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕದ ಡಬ್ಬಿ ಆಚೆ ಸಾಗಿಸಿ, 14416ಕ್ಕೆ ಫೋನ್ ಹಚ್ಚಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ. ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೂಟದೊಳಗೆ ಸಾಲ ಕೊಡುವುದು ಖಂಡಿತ ಬೇಡ. ಸಂಘದ ಕಂತಿಗೆಂದು ಎರಡು ಸಾವಿರ ಕೊಟ್ಟರೆ ದುಡ್ಡೂ ಹೋಯಿತು, ಮುಖ ತೋರಿಸಲಾರದೆ ಆ ಮನುಷ್ಯನೂ ಹೋದ. ಅದರ ಬದಲು ಹಿಡಿ ಅಕ್ಕಿ. ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಡಬ್ಬಕ್ಕೆ ಹಾಕಿದರೆ ಏಳೆಂಟು ಮನೆಯಿಂದ ತಿಂಗಳಿಗೆ ಹತ್ತು ಹನ್ನೆರಡು ಕಿಲೋ ಬರುತ್ತದೆ. ಬಸ್ ಚಾರ್ಜಿಗೆ ನೂರು ಇನ್ನೂರು ಲಕೋಟೆಯಲ್ಲಿ, ವಾಪಸ್ ಕೇಳದ ಲೆಕ್ಕದಲ್ಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ವಾಟ್ಸಾಪ್ ಗುಂಪು ಗುಡ್ ಮಾರ್ನಿಂಗ್ ಚಿತ್ರಗಳಲ್ಲಿ ಮುಳುಗಿತು. ರಾತ್ರಿ ನಿದ್ದೆ ಬಾರದವರಿಗೆ ಕೀರ್ತನೆ ರೆಕಾರ್ಡ್ ಮಾಡಿ ಮೊಬೈಲಿಗೆ ಹಾಕಿಕೊಟ್ಟದ್ದು ಗೆದ್ದಿತು. ಹಿನ್ನೆಲೆ ಸಂಗೀತ ಬೇಡ, ಊರಿನವರದ್ದೇ ದನಿ, ವಚನಕ್ಕೂ ವಚನಕ್ಕೂ ನಡುವೆ ಇಪ್ಪತ್ತು ಸೆಕೆಂಡ್ ಖಾಲಿ. 13ನೇ ಕೀರ್ತನೆಯನ್ನು ಮುಖಾರಿ ರಾಗದಲ್ಲಿ ಕೂರಿಸಿ ಹಾಡಿಸಿದರೆ ಕಣ್ಣೀರು ತಾನಾಗಿ ಬರುತ್ತದೆ. ಕೀಬೋರ್ಡ್ ಹುಡುಗರಿಗೆ ಕೊಟ್ಟರೆ ಅದೇ ಹಾಡು ಮೆರವಣಿಗೆ ಆಗುತ್ತದೆ.

ಗಂಡಸರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಒತ್ತಾಯ ಮಾಡದೆ ಚಾಪೆ ಹಾಸುವ, ಲೋಟ ತೊಳೆಯುವ ಕೆಲಸ ಹಚ್ಚಿ. ಚಾಪೆ ಮಡಚುವಾಗ ನಿಜವಾದ ದೂರು ಹೊರಗೆ ಬರುತ್ತದೆ, ಆಗ ನೀವು ಅಲ್ಲಿರಬೇಕು. ಟೊಮೆಟೊ ಕೊಯ್ಲು, ಮಾವಿನ ಸುಗ್ಗಿ ಜೋರಾಗಿದ್ದಾಗ ರಾತ್ರಿ ಹತ್ತರ ತನಕ ಲೋಡಿಂಗ್ ಇರುತ್ತದೆ, ಆ ಎರಡು ತಿಂಗಳು ವಾರ ಬಿಟ್ಟು ವಾರ ಮಾಡಿ.